ನಾಗರಿಕನಿಗೆ ‘ಬೈ’, ಕಚೇರಿಗೆ ‘ಟಿಲ್’

ತಿಂಗಳ ಕೊನೆ ಬಂತೆಂದರೆ ನಮ್ಮ ಫೋನುಗಳಿಗೆ ಗಡುವಿನ ಸಂದೇಶಗಳ ಸುರಿಮಳೆ. ತೆರಿಗೆ ಕಟ್ಟಿ, ಕೆವೈಸಿ ಮುಗಿಸಿ, ಶುಲ್ಕ ತುಂಬಿ, ದಾಖಲೆ ಅಪ್‌ಲೋಡ್ ಮಾಡಿ. ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತವೆ. ಒಂದು ಸಂದೇಶ ‘ಸಬ್‌ಮಿಟ್ ಬೈ 31’ ಎನ್ನುತ್ತದೆ, ಇನ್ನೊಂದು ‘ಸಬ್‌ಮಿಟ್ ಟಿಲ್ 31’ ಎನ್ನುತ್ತದೆ. ಎರಡೂ ಒಂದೇ ಎಂದು ಓದುವವರೂ ತಿಳಿದಿದ್ದಾರೆ, ಬರೆಯುವವರೂ ತಿಳಿದಿದ್ದಾರೆ. ಎರಡೂ ಒಂದೇ ಅಲ್ಲ. ಈ ಎರಡು ಪುಟ್ಟ ಪದಗಳ ವ್ಯತ್ಯಾಸ ಇಂಗ್ಲಿಷ್ ಮೇಷ್ಟರಿಗೆ ಮಾತ್ರ ಬೇಕಾದ ಸೂಕ್ಷ್ಮವೆಂದು ಬಿಟ್ಟುಬಿಡುವಂತಿಲ್ಲ. ಗಡುವನ್ನು ನಂಬಿ ಬದುಕುವ ಪ್ರತಿಯೊಬ್ಬ ನಾಗರಿಕನಿಗೂ ಅದು ಸಂಬಂಧಿಸಿದ್ದು.

ಮೊದಲು ವ್ಯಾಕರಣವನ್ನು ಮುಗಿಸೋಣ. ಒಂದು ಕೆಲಸ ಹೇಳಿದ ಹೊತ್ತಿನೊಳಗೆ ಯಾವಾಗಲಾದರೂ ಒಮ್ಮೆ ಆಗಿ ಮುಗಿಯಬೇಕಾದರೆ ಇಂಗ್ಲಿಷಿನವರು ‘ಬೈ’ ಬಳಸುತ್ತಾರೆ. ಒಂದು ಕೆಲಸವೋ ಸ್ಥಿತಿಯೋ ಹೇಳಿದ ಹೊತ್ತಿನ ತನಕ ನಡೆಯುತ್ತಲೇ ಇರಬೇಕಾದರೆ ‘ಟಿಲ್’ ಅಥವಾ ‘ಅನ್‌ಟಿಲ್’ ಬಳಸುತ್ತಾರೆ. ಈ ಕೊನೆಯ ಎರಡಕ್ಕೂ ಅರ್ಥ ಒಂದೇ. ‘ಟಿಲ್’ ಎಂಬುದು ‘ಅನ್‌ಟಿಲ್’ನ ಮೊಟಕು ರೂಪವೆಂದು ಹಲವರ ನಂಬಿಕೆ, ವಾಸ್ತವದಲ್ಲಿ ಇಂಗ್ಲಿಷಿಗೆ ಮೊದಲು ಬಂದದ್ದೇ ‘ಟಿಲ್’, ‘ಅನ್‌ಟಿಲ್’ ಆಮೇಲೆ ಹುಟ್ಟಿತು. ಹಾಗಾಗಿ ‘ಟಿಲ್’ ಬರೆದರೆ ತಪ್ಪಾದೀತೆಂಬ ಅಳುಕು ಬೇಡ.

‘ಐದು ಗಂಟೆಯೊಳಗೆ ಬಾ’ ಎಂದಾಗ ನೀವು ಮೂರಕ್ಕೆ ಬಂದರೂ ಸರಿ, ನಾಲ್ಕೂ ಮುಕ್ಕಾಲಿಗೆ ಬಂದರೂ ಸರಿ. ಬರುವುದು ಒಂದೇ ಸಲ. ಇದು ‘ಬೈ’. ‘ಐದು ಗಂಟೆಯವರೆಗೆ ಇರು’ ಎಂದಾಗ ಮೂರಕ್ಕೇ ಎದ್ದು ಹೋಗುವಂತಿಲ್ಲ. ಇರುವ ಕೆಲಸ ಐದರ ತನಕ ಎಡೆಬಿಡದೆ ಸಾಗಬೇಕು. ಇದು ‘ಟಿಲ್’. ನೋಡಿ, ವಿವರಿಸಲು ಹೊರಟರೆ ಕನ್ನಡದಲ್ಲೇ ಎಲ್ಲವೂ ಸಿದ್ಧವಾಗಿದೆ. ‘ಒಳಗೆ’, ‘ವರೆಗೆ’ ಎಂದು ನಾವು ದಿನವೂ ಆಡುವ ಮಾತಿನಲ್ಲೇ ಆ ಭೇದವಿದೆ.

ಇನ್ನೂ ಚೊಕ್ಕವಾದ ಜೋಡಿ ಬೇಕೆಂದರೆ ಮನೆಮಾತಿಗೇ ಬರೋಣ. ‘ನಾನು ಬರೋ ಹೊತ್ತಿಗೆ ಬಾಗಿಲು ಹಾಕಿರು’ ಎಂದರೆ ಒಂದು ಅರ್ಥ, ‘ನಾನು ಬರೋ ತನಕ ಬಾಗಿಲು ಹಾಕಿರು’ ಎಂದರೆ ಇನ್ನೊಂದು ಅರ್ಥ. ಮೊದಲನೆಯದರಲ್ಲಿ ನಾನು ಬಂದು ನೋಡುವಾಗ ಬಾಗಿಲು ಮುಚ್ಚಿರಬೇಕು, ಅದಕ್ಕೆ ಮುಂಚೆ ತೆರೆದಿದ್ದರೂ ಚಿಂತೆಯಿಲ್ಲ. ಎರಡನೆಯದರಲ್ಲಿ ಈಗಿನಿಂದ ನಾನು ಬರುವ ಕ್ಷಣದ ತನಕ ಬಾಗಿಲು ಮುಚ್ಚೇ ಇರಬೇಕು. ಇಂಗ್ಲಿಷಿನ ‘ಬೈ ದ ಟೈಮ್’ ಮತ್ತು ‘ಅನ್‌ಟಿಲ್’ ನಡುವೆ ಇರುವುದು ಇದೇ ಅಂತರ. ಕನ್ನಡದ ಮಗುವಿಗೆ ಇದು ಐದನೇ ವಯಸ್ಸಿಗೇ ಗೊತ್ತು. ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಅದೇ ಮಗು ತಡವರಿಸುತ್ತದೆಂದರೆ, ಅದರ ತಲೆಯಲ್ಲಿ ಆಗಲೇ ಇದ್ದ ತಿಳಿವಳಿಕೆಗೆ ನಾವು ಇಂಗ್ಲಿಷನ್ನು ಜೋಡಿಸಿ ಕೊಡಲಿಲ್ಲ ಎಂದೇ ಅರ್ಥ.

ಹಾಗಾದರೆ ‘ಸಬ್‌ಮಿಟ್ ಟಿಲ್ 31’ ಎಂಬ ವಾಕ್ಯ ಎಲ್ಲಿಂದ ಬಂತು? ಒಂದು ದಾರಿ ಹಿಂದಿಯದು. ಹಿಂದಿಯಲ್ಲಿ ‘ತಕ್’ ಎಂಬ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಶುಕ್ರವಾರ ‘ತಕ್’ ಇರು ಎನ್ನಬಹುದು, ಶುಕ್ರವಾರ ‘ತಕ್’ ಕೊಡು ಎಂದೂ ಹೇಳಬಹುದು. ಜರ್ಮನ್ ಭಾಷೆಯ ‘ಬಿಸ್’ ಕೂಡ ಹೀಗೆಯೇ, ಎರಡಕ್ಕೂ ಒಂದೇ. ಅಂಥ ಭಾಷೆಯಿಂದ ಇಂಗ್ಲಿಷಿಗೆ ಬರುವವರು ಎಡವುವುದು ಸಹಜ. ಕನ್ನಡಿಗರು ಎಡವುವ ಜಾಗ ಸ್ವಲ್ಪ ಬೇರೆ. ನಮ್ಮ ಪ್ರಕಟಣೆಗಳಲ್ಲಿ ‘31ರವರೆಗೆ ಅರ್ಜಿ ಸಲ್ಲಿಸಬಹುದು’ ಎಂದು ಬರೆಯುತ್ತೇವೆ. ಕನ್ನಡದಲ್ಲಿ ಅದು ಪೂರ್ತಿ ಸರಿ. ‘ಬಹುದು’ ಎಂದಾಗ ಅಲ್ಲಿರುವುದು ಅವಕಾಶ. ಅವಕಾಶ 31ರ ತನಕ ತೆರೆದೇ ಇರುತ್ತದೆ. ಆದರೆ ಅದನ್ನೇ ‘ಸಲ್ಲಿಸಿ’ ಎಂಬ ಸೂಚನೆಯಾಗಿ ಇಂಗ್ಲಿಷಿಗೆ ಇಳಿಸುವಾಗ ‘ವರೆಗೆ’ಯನ್ನು ‘ಟಿಲ್’ ಮಾಡಿ ಅಂಟಿಸಿಬಿಡುತ್ತೇವೆ. ಕಟ್ಟುನಿಟ್ಟಾಗಿ ಓದಿದರೆ ಆ ವಾಕ್ಯ 31ರ ತನಕ ಅರ್ಜಿ ಸಲ್ಲಿಸುತ್ತಲೇ ಇರಿ ಎಂದು ಹೇಳುತ್ತದೆ.

ಇಲ್ಲಿಯೇ ವ್ಯಾಕರಣ ನಾಗರಿಕತ್ವದ ಅಂಗಳಕ್ಕೆ ಕಾಲಿಡುತ್ತದೆ. ‘31ರೊಳಗೆ ಸಲ್ಲಿಸಿ’ ಮತ್ತು ‘31ರವರೆಗೆ ಅವಕಾಶವಿದೆ’ ಎಂಬ ಎರಡು ವಾಕ್ಯಗಳು ಹೇಳುವುದು ಒಂದೇ ಗಡುವನ್ನು, ಆದರೆ ಎರಡು ಕಡೆಯಿಂದ. ಮೊದಲನೆಯದು ನಾಗರಿಕನ ಹೊಣೆ: ನೀನು ಇಷ್ಟರೊಳಗೆ ಕೆಲಸ ಮುಗಿಸು. ಎರಡನೆಯದು ಕಚೇರಿಯ ಹೊಣೆ: ಅಲ್ಲಿಯವರೆಗೆ ನಾನು ಕಿಟಕಿ ತೆರೆದಿಟ್ಟಿರುತ್ತೇನೆ. ‘ಬೈ’ ನಮ್ಮ ಮೇಲೆ ಬೀಳುವ ಮಾತು, ‘ಟಿಲ್’ ಅವರ ಮೇಲೆ ಬೀಳಬೇಕಾದ ಮಾತು. ನಮ್ಮ ಸಾರ್ವಜನಿಕ ಪ್ರಕಟಣೆಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ‘ಬೈ’ ದಪ್ಪಕ್ಷರದಲ್ಲಿ ಇರುತ್ತದೆ. ‘ಟಿಲ್’ ಎಷ್ಟೋ ಸಲ ಇರುವುದೇ ಇಲ್ಲ. ಕೊನೆಯ ದಿನ ಕೌಂಟರ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಆನ್‌ಲೈನ್ ಪಾವತಿ ಎಷ್ಟು ಗಂಟೆಯವರೆಗೆ ನಡೆಯುತ್ತದೆ? ಸರ್ವರ್ ಕೈಕೊಟ್ಟರೆ ಎಲ್ಲಿಯವರೆಗೆ ವಿನಾಯಿತಿ? ಹಳ್ಳಿಯಿಂದ ಬಸ್ ಹಿಡಿದು ತಾಲೂಕು ಕೇಂದ್ರಕ್ಕೆ ಬರುವವರಿಗೆ ಬೇಕಾದದ್ದು ಈ ಉತ್ತರಗಳೇ.

ಕಚೇರಿಯ ‘ಟಿಲ್’ ಕೈಕೊಟ್ಟರೆ ನಾಗರಿಕನ ‘ಬೈ’ ಅವನನ್ನು ಕಟ್ಟಿಹಾಕಬಾರದು. ಇದು ನನ್ನ ಕಲ್ಪನೆಯ ನ್ಯಾಯವಲ್ಲ, 1897ರ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಸೆಕ್ಷನ್ನಿನಲ್ಲೇ ಈ ತತ್ವವಿದೆ. ಕೇಂದ್ರ ಕಾಯ್ದೆಯೊಂದರ ಪ್ರಕಾರ ನಿಗದಿತ ಅವಧಿಯೊಳಗೆ ನ್ಯಾಯಾಲಯದಲ್ಲೋ ಕಚೇರಿಯಲ್ಲೋ ಒಂದು ಕೆಲಸ ಮಾಡಬೇಕಿದ್ದು, ಅವಧಿಯ ಕೊನೆಯ ದಿನ ಆ ನ್ಯಾಯಾಲಯ ಅಥವಾ ಕಚೇರಿ ಮುಚ್ಚಿದ್ದರೆ, ಮತ್ತೆ ತೆರೆದ ಮೊದಲ ದಿನ ಮಾಡಿದರೂ ಸಕಾಲಕ್ಕೆ ಮಾಡಿದಂತೆಯೇ ಲೆಕ್ಕ. ದಾವೆಗಳ ವಾಯಿದೆಯನ್ನು ಹೇಳುವ 1963ರ ಲಿಮಿಟೇಶನ್ ಕಾಯ್ದೆಯಲ್ಲೂ ನ್ಯಾಯಾಲಯದ ರಜೆಯ ದಿನಕ್ಕೆ ಇಂಥದೇ ರಕ್ಷಣೆ ಇದೆ. 1897ರಲ್ಲಿ ಕಚೇರಿ ಮುಚ್ಚುವುದೆಂದರೆ ಬಾಗಿಲಿಗೆ ಬೀಗ ಬೀಳುವುದು. ಇಂದು ಬಾಗಿಲು ತೆರೆದಿದ್ದೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದ್ದರೆ ಅದೂ ಮುಚ್ಚಿದಂತೆಯೇ. ಕೊನೆಯ ದಿನ ಪೋರ್ಟಲ್ ನಿಂತುಹೋದರೆ ಗಡುವು ತಾನಾಗಿಯೇ ಮುಂದಿನ ದಿನಕ್ಕೆ ಹೋಗುವಂತೆ ಪ್ರತಿಯೊಂದು ಪ್ರಕಟಣೆಯಲ್ಲೂ ಒಂದು ಸಾಲು ಇರಬೇಕು. ಗಡುವು ವಿಸ್ತರಣೆ ಯಾರೋ ದಯೆಯಿಂದ ಕೊಡುವ ಉಡುಗೊರೆ ಆಗಬಾರದು.

ಇನ್ನು ಗಡಿಯ ಪ್ರಶ್ನೆ. ‘ಟಿಲ್ 18’ ಎಂದರೆ 18 ಒಳಗೋ ಹೊರಗೋ? ದಸರಾ ರಜೆ ‘18ರವರೆಗೆ’ ಎಂದು ಶಾಲೆ ಸಂದೇಶ ಕಳಿಸಿದರೆ ಮಗುವನ್ನು 18ಕ್ಕೆ ಕಳಿಸಬೇಕೋ 19ಕ್ಕೋ? ಪೋಷಕರ ಗುಂಪುಗಳಲ್ಲಿ ಪ್ರತಿ ವರ್ಷವೂ ಈ ಚರ್ಚೆ ಏಳುತ್ತದೆ. ಇಂಗ್ಲಿಷಿನ ‘ಟಿಲ್’ಗೂ ಕನ್ನಡದ ‘ವರೆಗೆ’ಗೂ ಇಲ್ಲಿ ಒಂದೇ ದೌರ್ಬಲ್ಯ. ಎರಡೂ ಕೊನೆಯ ದಿನವನ್ನು ತೋರಿಸುತ್ತವೆ, ಅದನ್ನು ಸೇರಿಸಿಕೊಂಡವೋ ಇಲ್ಲವೋ ಎಂದು ಹೇಳುವುದಿಲ್ಲ. ‘ಬೈ ಫ್ರೈಡೇ’ ಎಂದರೆ ಸಾಮಾನ್ಯ ಬಳಕೆಯಲ್ಲಿ ಶುಕ್ರವಾರವೂ ಸೇರುತ್ತದೆ, ‘ಬಿಫೋರ್ ಫ್ರೈಡೇ’ ಎಂದರೆ ಸೇರುವುದಿಲ್ಲ; ಗುರುವಾರಕ್ಕೇ ಮುಗಿಯಬೇಕು. ಕಾನೂನು ಬರೆಯುವವರು ಈ ಗೊಂದಲ ಬೇಡವೆಂದೇ ‘ಆನ್ ಆರ್ ಬಿಫೋರ್’ ಎಂದು ಉದ್ದಕ್ಕೆ ಬರೆಯುತ್ತಾರೆ: ಆ ದಿನ ಅಥವಾ ಅದಕ್ಕಿಂತ ಮುಂಚೆ. ಎರಡು ಪದ ಹೆಚ್ಚಾಯಿತು, ಒಂದು ಜಗಳ ಕಡಿಮೆಯಾಯಿತು.

ಗಡಿಯನ್ನು ಸ್ಪಷ್ಟವಾಗಿ ಹಾಕಿದ ಒಳ್ಳೆಯ ಉದಾಹರಣೆ ನಮ್ಮೆಲ್ಲರ ಮನೆಯ ಔಷಧಿ ಡಬ್ಬಿಯಲ್ಲಿದೆ. ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವುದನ್ನು ತಿಂಗಳು, ವರ್ಷದಲ್ಲಿ ಮಾತ್ರ ಮುದ್ರಿಸಿರುತ್ತಾರೆ, ದಿನ ಇರುವುದಿಲ್ಲ. ಆಗಸ್ಟ್ ಎಂದಿದ್ದರೆ ಆಗಸ್ಟ್ ಒಂದಕ್ಕೆ ಮುಗಿಯಿತೋ, ತಿಂಗಳ ಕೊನೆಗೋ? ನಮ್ಮ ದೇಶದ ಔಷಧ ನಿಯಮಾವಳಿ ಇದಕ್ಕೆ ನೇರ ಉತ್ತರ ಕೊಟ್ಟಿದೆ: ಆ ತಿಂಗಳ ಕೊನೆಯ ದಿನದವರೆಗೆ. ಆಗಸ್ಟ್ ಎಂದರೆ ಆಗಸ್ಟ್ 31. ನಿಯಮದಲ್ಲಿ ಬಳಸಿರುವ ಪದವೂ ‘ಟಿಲ್’, ಆದರೆ ಪಕ್ಕದಲ್ಲೇ ‘ಕೊನೆಯ ದಿನ’ ಎಂದು ಬರೆದದ್ದರಿಂದ ಸಂದೇಹಕ್ಕೆ ಜಾಗವೇ ಉಳಿಯಲಿಲ್ಲ.

ಮುಗಿಯುವ ಜಾಗವನ್ನು ‘ಬೈ’ ಮತ್ತು ‘ಟಿಲ್’ ಹೇಳಿದರೆ, ಶುರುವಾಗುವ ಜಾಗವನ್ನು ಹೇಳುವುದು ‘ಫ್ರಮ್’ ಮತ್ತು ‘ಆಫ್’. ಈ ಜೋಡಿಯ ಮೇಲೆ ಸುಪ್ರೀಂ ಕೋರ್ಟಿನಲ್ಲೇ ವಾದ ನಡೆದಿದೆ. ಚೆಕ್ ಬೌನ್ಸ್ ಪ್ರಕರಣಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನಲ್ಲಿ, ಚೆಕ್ಕನ್ನು ಬ್ಯಾಂಕಿಗೆ ಹಾಕುವ ಅವಧಿಗೆ ‘ಫ್ರಮ್’ ಎಂದಿದೆ; ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಇರುವ 15 ದಿನಗಳಿಗೆ ‘ಆಫ್’ ಎಂದಿದೆ. ದೂರು ಸಲ್ಲಿಸಲು ಇರುವ ಒಂದು ತಿಂಗಳಿಗೂ 142ನೇ ಸೆಕ್ಷನ್ನಿನಲ್ಲಿ ‘ಆಫ್’ ಎಂದೇ ಇದೆ. ಪದ ಬೇರೆಯಾದ ಮೇಲೆ ಅರ್ಥವೂ ಬೇರೆಯೇ? ‘ಫ್ರಮ್’ ಎಂದಾಗ ಮೊದಲ ದಿನವನ್ನು ಬಿಟ್ಟು ಎಣಿಸಬೇಕು ಎಂಬುದು ಒಪ್ಪಿತ ನಿಯಮ. ‘ಆಫ್’ ಎಂದಾಗ?

ಒಂದು ದಿನದ ಅಂತರದಿಂದ ಏನಾದೀತು ಎಂದು ಕೇಳುವವರಿಗೆ ಸಾಕೇತ್ ಇಂಡಿಯಾ ಪ್ರಕರಣವೇ ಉತ್ತರ. ಅಲ್ಲಿ ದೂರಿನ ಹಕ್ಕು ಹುಟ್ಟಿದ್ದು 1995ರ ಅಕ್ಟೋಬರ್ 15ರಂದು, ದೂರು ಸಲ್ಲಿಕೆಯಾದದ್ದು ನವೆಂಬರ್ 15ರಂದು. ಮೊದಲ ದಿನವನ್ನು ಬಿಟ್ಟು ಎಣಿಸಿದರೆ ತಿಂಗಳು ನವೆಂಬರ್ 15ಕ್ಕೆ ಮುಗಿಯುತ್ತದೆ, ದೂರು ನಿಲ್ಲುತ್ತದೆ. ಸೇರಿಸಿ ಎಣಿಸಿದರೆ ನವೆಂಬರ್ 14ಕ್ಕೇ ಮುಗಿಯಿತು, ದೂರು ಬಿದ್ದುಹೋಗುತ್ತದೆ. ಮೊದಲ ದಿನವನ್ನು ಬಿಡಬೇಕು ಎಂದು 1999ರಲ್ಲಿ ಸುಪ್ರೀಂ ಕೋರ್ಟಿನ ಪೀಠ ಹೇಳಿತು. ಅದೇ ವರ್ಷ, ಬೆಂಗಳೂರಿನ ರೇಷ್ಮೆ ರಫ್ತು ಸಂಸ್ಥೆಯೊಂದರ ಪ್ರಕರಣದಲ್ಲಿ ಇನ್ನೊಂದು ಪೀಠ, ಕಾಯ್ದೆ ಎರಡು ಬೇರೆ ಪದಗಳನ್ನು ಬಳಸಿರುವುದಕ್ಕೆ ಬೆಲೆ ಇದೆ ಎಂದು ಭಿನ್ನವಾಗಿ ಓದಿತು. ಈ ಎರಡು ಓದುಗಳ ನಡುವಿನ ತಿಕ್ಕಾಟ ಬಗೆಹರಿದದ್ದು 2013ರಲ್ಲಿ. ಇಕಾನ್ ಆಂಟ್ರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸಾಕೇತ್ ತೀರ್ಪೇ ಸರಿ ಎಂದಿತು. ಅವಧಿಯ ಲೆಕ್ಕದಲ್ಲಿ ‘ಫ್ರಮ್’ಗೂ ‘ಆಫ್’ಗೂ ಭೇದ ಮಾಡಬೇಕಿಲ್ಲ, ಮೊದಲ ದಿನವನ್ನು ಬಿಟ್ಟೇ ಎಣಿಸಬೇಕು ಎಂದು ಇತ್ಯರ್ಥ ಮಾಡಿತು. ಎರಡಕ್ಷರದ ಒಂದು ಪದದ ಅರ್ಥ ಖಚಿತವಾಗಲು 14 ವರ್ಷ ಹಿಡಿಯಿತು. ಆ ಅವಧಿಯಲ್ಲಿ ಕೊಟ್ಟ ಹಣಕ್ಕಾಗಿ ಕೋರ್ಟಿಗೆ ಅಲೆದವರೂ, ತಮ್ಮ ಮೇಲಿನ ದೂರು ತಡವಾಗಿ ಬಂದಿದೆ ಎಂದು ನಂಬಿ ಕುಳಿತವರೂ ನಮ್ಮ ನಿಮ್ಮಂಥ ಜನವೇ.

ಇಲ್ಲಿಯ ತನಕ ನೋಡಿದ್ದು ನಾಗರಿಕನ ಮೇಲಿನ ಗಡುವು. ಕಚೇರಿಯ ಮೇಲೆ ಗಡುವು ಹಾಕಿದ ಕಾನೂನುಗಳೂ ಇವೆ, ಅವುಗಳ ಜೀವ ಇರುವುದು ‘ವಿಥಿನ್’ ಎಂಬ ಪದದಲ್ಲಿ. 2005ರ ಮಾಹಿತಿ ಹಕ್ಕು ಕಾಯ್ದೆ, ಅರ್ಜಿ ತಲುಪಿದ 30 ದಿನಗಳ ಒಳಗೆ ಉತ್ತರ ಕೊಡಬೇಕು ಎನ್ನುತ್ತದೆ. ಕೇಳಿದ ಮಾಹಿತಿ ಒಬ್ಬರ ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಿಸಿದ್ದರೆ 48 ಗಂಟೆಗಳ ಒಳಗೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು. ನಮ್ಮ ರಾಜ್ಯದ ಸಕಾಲ ಕಾಯ್ದೆ 2011ರದು, ಜಾರಿಗೆ ಬಂದದ್ದು 2012ರ ಏಪ್ರಿಲ್ 2ರಂದು. ಅದರಡಿ ಸೇವೆ ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಸಲ್ಲಬೇಕು. ಮೊತ್ತ ಸಣ್ಣದು, ತತ್ವ ದೊಡ್ಡದು: ಗಡುವು ಕಚೇರಿಗೂ ಇದೆ.

ಈ ‘ವಿಥಿನ್’ ಬದಲು ‘ಇನ್’ ಎಂದು ಬಿಟ್ಟಿದ್ದರೆ ಅರ್ಥ ಸಡಿಲವಾಗುತ್ತಿತ್ತು. ‘ಇನ್ ಥರ್ಟಿ ಡೇಸ್’ ಎಂದರೆ 30 ದಿನ ಕಳೆದ ಮೇಲೆ ಎಂದೂ ಓದಬಹುದು. ಡಾಕ್ಟರು ‘ಇನ್ ಆ್ಯನ್ ಅವರ್’ ಬರುತ್ತಾರೆ ಎಂದರೆ ಇನ್ನೊಂದು ಗಂಟೆಗೆ ಬರುತ್ತಾರೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ‘ವಿಥಿನ್’ ಎಂದಾಗ ಮಾತ್ರ ಬೇಲಿ ಬಿಗಿಯಾಗುತ್ತದೆ.

ಈಗ ಇದೆಲ್ಲವನ್ನೂ ಕ್ಯಾಲೆಂಡರಿನ ಮೇಲೆ ಇಳಿಸಿ ನೋಡೋಣ. ನಿಮ್ಮ ಮಾಹಿತಿ ಹಕ್ಕು ಅರ್ಜಿ ಜೂನ್ 1ರಂದು ಕಚೇರಿಗೆ ತಲುಪಿತು ಎಂದುಕೊಳ್ಳಿ. ಆ ದಿನ ಲೆಕ್ಕಕ್ಕಿಲ್ಲ. ಜೂನ್ 2 ಮೊದಲನೆಯ ದಿನ, ಜುಲೈ 1 ಮೂವತ್ತನೆಯ ದಿನ. ಅಂದಿನೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಗೆ ನಿಮಗೆ 30 ದಿನಗಳಿವೆ. ಜುಲೈ 2ರಿಂದ ಎಣಿಸಿದರೆ ಜುಲೈ 31 ಕೊನೆಯ ದಿನ. ಎರಡನೆಯ ಮೇಲ್ಮನವಿಗೆ 90 ದಿನಗಳ ಅವಕಾಶ. ದಿನಗಳಲ್ಲಿ ಹೇಳಿದ ಅವಧಿಯನ್ನು ದಿನಗಳಲ್ಲೇ ಎಣಿಸಿ, ತಿಂಗಳಲ್ಲಿ ಹೇಳಿದ್ದನ್ನು ತಿಂಗಳಲ್ಲೇ ಎಣಿಸಿ. ಕಾನೂನಿನ ಕಣ್ಣಲ್ಲಿ ಒಂದು ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು, 30 ದಿನವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಕೊಟ್ಟಾಗ ತಾರೀಕು ಇರುವ ಸ್ವೀಕೃತಿ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ. ಸಕಾಲ ಕಾಯ್ದೆಯಡಿ ಕೊಡುವ 15 ಅಂಕಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಶುರುವಿನ ದಿನಕ್ಕೆ ಪುರಾವೆ ಇಲ್ಲದಿದ್ದರೆ ಕೊನೆಯ ದಿನಕ್ಕೆ ಬೆಲೆಯೇ ಇಲ್ಲ.

ಕಚೇರಿಗಳಿಗೆ ನನ್ನ ಕೋರಿಕೆ ಇಷ್ಟು. 1963ರ ಕರ್ನಾಟಕ ರಾಜಭಾಷಾ ಕಾಯ್ದೆಯ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಪ್ರಕಟಣೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ಎಳೆದು ತರುವ ಅಭ್ಯಾಸ ಬಿಡಿ. ಕನ್ನಡದಲ್ಲೇ ಯೋಚಿಸಿ ಬರೆದರೆ ‘ಒಳಗೆ’, ‘ವರೆಗೆ’ ತಮ್ಮ ತಮ್ಮ ಜಾಗದಲ್ಲಿ ತಾವೇ ಬಂದು ಕೂರುತ್ತವೆ. ಒಂದು ಮಾದರಿ ಹೀಗಿರಲಿ: ‘ಅರ್ಜಿ ಸಲ್ಲಿಸಲು ಜುಲೈ 31 ಕೊನೆಯ ದಿನ, ಆ ದಿನವೂ ಸೇರಿದೆ. ಅಂದು ಸಂಜೆ 5.30ರವರೆಗೆ ಕೌಂಟರ್ ತೆರೆದಿರುತ್ತದೆ, ಆನ್‌ಲೈನಿನಲ್ಲಿ ರಾತ್ರಿ 11.59ರವರೆಗೆ ಸಲ್ಲಿಸಬಹುದು. ಅಂದು ಕಚೇರಿಯಾಗಲಿ ಪೋರ್ಟಲ್ ಆಗಲಿ ಕೆಲಸ ಮಾಡದಿದ್ದರೆ ಮುಂದಿನ ಕೆಲಸದ ದಿನ ಸಲ್ಲಿಸಿದ ಅರ್ಜಿಯನ್ನೂ ಸ್ವೀಕರಿಸುತ್ತೇವೆ.’ ರಾತ್ರಿ 12 ಎಂದು ಬರೆಯಬೇಡಿ, 31ರ ನಡುರಾತ್ರಿ ಎಂದರೆ ಆ ದಿನ ಹುಟ್ಟುವ ಕ್ಷಣವೋ ಮುಗಿಯುವ ಕ್ಷಣವೋ ಎಂಬ ಹೊಸ ಗೊಂದಲ ಬೇಡ. ಮೂರು ವಾಕ್ಯಗಳ ಈ ಮಾದರಿಯಲ್ಲಿ ನಾಗರಿಕನ ಹೊಣೆಯೂ ಇದೆ, ಕಚೇರಿಯ ಹೊಣೆಯೂ ಇದೆ.

ಶಿಕ್ಷಕರಿಗೂ ಒಂದು ಮಾತು. ಪ್ರಿಪೊಸಿಷನ್ ಪಾಠವೆಂದರೆ ಮೇಜಿನ ಮೇಲೆ ಪುಸ್ತಕ, ಮೇಜಿನ ಕೆಳಗೆ ಬೆಕ್ಕು ಎಂಬಲ್ಲಿಗೆ ನಿಲ್ಲಬಾರದು. ಬಸ್ ಪಾಸಿನ ಸೂಚನೆ, ವಿದ್ಯಾರ್ಥಿವೇತನದ ಪ್ರಕಟಣೆ, ವಿದ್ಯುತ್ ಬಿಲ್ಲು, ಮಾತ್ರೆಯ ಪಟ್ಟಿ ಇವುಗಳನ್ನೇ ತರಗತಿಗೆ ತನ್ನಿ. ಇಲ್ಲಿ ‘ಒಳಗೆ’ ಬೇಕೋ ‘ವರೆಗೆ’ ಬೇಕೋ ಎಂದು ಮಕ್ಕಳನ್ನು ಕನ್ನಡದಲ್ಲೇ ಕೇಳಿ, ಉತ್ತರ ಬಂದ ಮೇಲೆ ಅದಕ್ಕೆ ಇಂಗ್ಲಿಷ್ ಪದವನ್ನು ಜೋಡಿಸಿ. ಒಮ್ಮೆ ಆಗುವ ಕೆಲಸಕ್ಕೆ ‘ಬೈ’, ನಡೆಯುತ್ತಲೇ ಇರುವುದಕ್ಕೆ ‘ಟಿಲ್’. ತಾಯ್ನುಡಿಯ ಮೂಲಕ ಬಂದ ಈ ತಿಳಿವಳಿಕೆ ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಓದುಗರಿಗೆ ಕೊನೆಯದಾಗಿ. ಮುಂದಿನ ಸಲ ಗಡುವಿನ ಸಂದೇಶವೋ ಪ್ರಕಟಣೆಯೋ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿ. ನಾನು ಯಾವ ದಿನದೊಳಗೆ ಮಾಡಬೇಕು, ಆ ದಿನ ಸೇರಿದೆಯೋ ಇಲ್ಲವೋ? ಕಚೇರಿ ಅಂದು ಎಷ್ಟು ಹೊತ್ತಿನವರೆಗೆ ಸಿಗುತ್ತದೆ? ಎರಡಕ್ಕೂ ಉತ್ತರ ಇಲ್ಲದಿದ್ದರೆ ಗ್ರಾಮ ಸಭೆಯಲ್ಲಿ ಎದ್ದು ಕೇಳಿ, ವಾರ್ಡ್ ಸಮಿತಿಯಲ್ಲಿ ಕೇಳಿ, ಇಲಾಖೆಗೆ ಒಂದು ಕಾಗದ ಬರೆದು ಕೇಳಿ. ಗಡುವು ಪಾಲಿಸುವುದು ನಮ್ಮ ಕರ್ತವ್ಯ. ಅದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಸುವುದು, ಕೊನೆಯ ನಿಮಿಷದವರೆಗೆ ಬಾಗಿಲು ತೆರೆದಿಡುವುದು ಅವರ ಕರ್ತವ್ಯ.